ಎರಡು ದನಿಯ ಪೆಟ್ಟಿಗೆ

ನಾನು ಒಂದು ಸಿಂಥಸೈಜರ್. ಹಾರ್ಮೋನಿಯಂನ ದೂರದ ನೆಂಟ ಅಂದುಕೊಳ್ಳಿ. ಗಾಳಿಯ ಬದಲು ಕರೆಂಟು ಕುಡಿದು ಹಾಡುತ್ತೇನೆ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಬಿಳಿ ಟೊಪ್ಪಿಗೆಯ ಹೆಂಗಸರು ನನ್ನ ಹೊಟ್ಟೆಯಲ್ಲಿ ಎರಡು ದನಿ ಕೂರಿಸಿ, ಬೆನ್ನು ಮುಚ್ಚಿ, ಸ್ಕ್ರೂ ಬಿಗಿದರು. ಒಂದು ದನಿ ಸಾಲದೇ ಎಂದು ಕೇಳಬೇಡಿ. ಎರಡು ಯಾಕೆಂದು ತಿಳಿಯುವಷ್ಟರಲ್ಲಿ ನನ್ನ ಅರ್ಧ ಆಯಸ್ಸು ಕಳೆದಿತ್ತು.

ಮೊದಲು ಮುಂಬಯಿಯ ಸ್ಟುಡಿಯೋ ಒಂದರಲ್ಲಿದ್ದೆ. ಹೊಸ ಮಾಡೆಲ್ ಬಂದ ಕೂಡಲೇ ನನ್ನನ್ನು ಕೈಬಿಟ್ಟರು. ಹುಬ್ಬಳ್ಳಿಯಲ್ಲಿ ಮದುವೆ ಆರ್ಕೆಸ್ಟ್ರಾ ನಡೆಸುತ್ತಿದ್ದ ಗಂಗಾಧರ ಹೂಗಾರ ನನ್ನನ್ನು ಕೊಂಡು, ಹಳೇ ಹಾಸಿಗೆಯಲ್ಲಿ ಸುತ್ತಿ ರೈಲಿಗೆ ಹತ್ತಿಸಿದ. ಹೂಗಾರನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಗಿರಾಕಿಯ ನಾಡಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ನನ್ನನ್ನು ಬಾರಿಸಲು ಅವನು ಇಟ್ಟುಕೊಂಡದ್ದು ಯಮನೂರಪ್ಪ ಭಜಂತ್ರಿಯನ್ನು. ತಲೆತಲಾಂತರದಿಂದ ಮದುವೆ ಮನೆಗಳಲ್ಲಿ ಸನಾದಿ ಊದಿದ ಮನೆತನ ಅದು. ಸನಾದಿಗೆ ಕರೆ ಬರುವುದು ನಿಂತ ಮೇಲೆ ಅವನು ಕೀಬೋರ್ಡು ಕಲಿತಿದ್ದ. ಸನಾದಿಯವರಿಗೆ ಅಂಗಳದ ಮೂಲೆಯಲ್ಲಿ ಚಾಪೆ ಹಾಕುತ್ತಿದ್ದರು; ಕೀಬೋರ್ಡಿನವನಿಗೆ ವೇದಿಕೆಯ ಮೇಲೆ ಕುರ್ಚಿ. ಆ ಕುರ್ಚಿ ಅವನಿಗೆ ಎಷ್ಟು ದೊಡ್ಡದೆಂದು ಕೆಳಗಿನಿಂದ ಅವನ ಮುಖವನ್ನೇ ನೋಡುತ್ತಿದ್ದ ನನಗೆ ಗೊತ್ತು.

ಆರ್ಕೆಸ್ಟ್ರಾದವರಿಗೊಂದು ಹಟ: ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಬಾರಿಸಬೇಕು, ಒಂದಿಷ್ಟೂ ಆಚೀಚೆ ಆಗಕೂಡದು. ಯಮನೂರಪ್ಪ ಅವರಲ್ಲೇ ಒಂದು ಕೈ ಮೇಲು. ನನ್ನ ಎರಡೂ ದನಿಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕೂಡಿಸಿ, ಅವುಗಳನ್ನು ಅಗಲಿಸುವ ಗುಂಡಿಯ ಮೇಲೆ ಕರೀ ಟೇಪು ಅಂಟಿಸಿಬಿಟ್ಟಿದ್ದ. ಅದಕ್ಕೂ ಮೊದಲು ಒಮ್ಮೆ ಯಾರದೋ ಮೊಣಕೈ ತಾಗಿ ಅದು ತಿರುಗಿ, ತುಂಬಿದ ಮಂಟಪದಲ್ಲಿ ಹಾಡುವವಳು ಶ್ರುತಿ ತಪ್ಪಿ ಎಲ್ಲರ ಮಾನ ಹರಾಜಾಗಿತ್ತು.

ಅಷ್ಟರಲ್ಲಿ ಆ ಹಾಡು ಬಂತು. ಹಾಡೆಂದರೆ ಅದರಲ್ಲಿ ಮಾತೇ ಇಲ್ಲ, ಬರೀ ಯಂತ್ರದ ಕುಣಿತ. ನಡುವೆ ಒಂದು ದನಿ ನಡುಗುತ್ತಾ ಏರುತ್ತದೆ. ಅಳುತ್ತಿದೆಯೋ ಕಾಡಿಸುತ್ತಿದೆಯೋ ಹೇಳುವುದು ಕಷ್ಟ. ಅದು ಕೇಳಿದರೆ ಸಾಕು, ಮದುಮಗನ ಗೆಳೆಯರಿಗೆ ಮೈಮೇಲೆ ಬಂದಂತಾಗುತ್ತಿತ್ತು. ಜನ ಆರ್ಕೆಸ್ಟ್ರಾ ಬಿಟ್ಟು ಡಿ.ಜೆ. ಗಾಡಿ ಕರೆಸತೊಡಗಿದರು.

“ಯಮನೂರಾ, ಆ ದನಿ ತಗದ್ರ ನಿನ್ನ ಕುರ್ಚಿ ಗಟ್ಟಿ,” ಎಂದ ಹೂಗಾರ. “ಇಲ್ಲಾಂದ್ರ ನಾನೂ ಡಿ.ಜೆ. ಇಡಾಂವ.”

ಯಮನೂರಪ್ಪ ನನ್ನನ್ನು ಮನೆಗೆ ಹೊತ್ತುಕೊಂಡು ಹೋದ. ಮೊಬೈಲಿನಲ್ಲಿ ಹಾಡು ಹಚ್ಚುವುದು, ಕಿವಿಗೊಡುವುದು, ನನ್ನ ಗುಂಡಿ ತಿರುಗಿಸುವುದು, ಇದೇ ಅವನ ಕೆಲಸವಾಯಿತು. ನನ್ನ ದನಿ ಕೊಳಲಾಯಿತು, ಲಾರಿಯ ಹಾರ್ನ್ ಆಯಿತು, ಬೆಕ್ಕಿನ ಜಗಳವೂ ಆಯಿತು. ಅದೊಂದು ಆಗಲಿಲ್ಲ. ಟೇಪಿನ ಕೆಳಗಿನ ಗುಂಡಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿರುಗಿಸಿದ್ದ. ಅದನ್ನು ಮುಟ್ಟುವುದು ಅವನ ಕನಸಿಗೂ ಬರಲಿಲ್ಲ. ಒತ್ತದೆ ಬಾಯಿಬಿಡಲು ನನಗೂ ಬರುವುದಿಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರೇಣವ್ವ ಕೇಳಿ ಕೇಳಿ ಸಾಕಾಗಿ ಹೊರಬಂದಳು.

“ಅದು ಒಂದ ದನಿ ಅಲ್ರೀ. ಇಬ್ರು ಊದಾಕತ್ತಾರ. ಮಾವಾರು, ಕಾಕಾರು ಕೂಡಿ ಊದ್ತಿದ್ರಲ್ಲ, ಹಂಗ. ಅವರಿಬ್ಬರದು ಎಂದಾರ ಪೂರಾ ಕೂಡಿತ್ತೇನ?”

ಯಮನೂರಪ್ಪ ಹಾಡನ್ನು ಇನ್ನೊಮ್ಮೆ ಹಚ್ಚಿ ಕೇಳಿದ. ಆಮೇಲೆ ಉಗುರಿನಿಂದ ಟೇಪು ಕಿತ್ತು, ಆ ಗುಂಡಿಯನ್ನು ಎಳ್ಳಷ್ಟು ತಿರುಗಿಸಿ ಕೀ ಒತ್ತಿದ. ನನ್ನ ಎರಡು ದನಿಗಳು ಒಂದಕ್ಕೊಂದು ಉಜ್ಜಿಕೊಂಡವು, ನಡುಕ ಹುಟ್ಟಿತು. ಹಾಡಿನ ದನಿಯೇ ಅದು. ಅದರೊಳಗೆ ಅವನ ಅಪ್ಪನೂ ಚಿಕ್ಕಪ್ಪನೂ ಇದ್ದರು. ರೇಣವ್ವನ ಎದುರೇ ಗಳಗಳನೆ ಅತ್ತುಬಿಟ್ಟ. ನನಗೆ ಹುಟ್ಟಿದ್ದು ಸಾರ್ಥಕವೆನಿಸಿತು.

ಗದಗಿನ ಮದುವೆಯಲ್ಲಿ ಅದನ್ನು ಬಾರಿಸಿದೆವು. ಮಂಟಪ ಕಿತ್ತುಹೋಗುವಂತೆ ಕುಣಿದರು. “ಡಿ.ಜೆ. ಅಣ್ಣಾ, ಇನ್ನೊಮ್ಮಿ ಹಚ್ಚೋ!” ಎಂದು ಕೂಗಿದರು. ಅಲ್ಲೊಬ್ಬ ಮನುಷ್ಯ ಬೆರಳಿಂದ ಬಾರಿಸುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ. ರೆಕಾರ್ಡಿನ ಹಾಗೇ ಬಂದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಆ ಪುಣ್ಯಾತ್ಮ ಹಿಗ್ಗಿದ.

ಊರಿಗೆ ಮರಳಿದ ಮೇಲೆ ಹೂಗಾರ ಅವನನ್ನು ಮನೆಗೆ ಕರೆಸಿ ಚಹಾ ಕೊಟ್ಟ. “ಒಂದೊಂದ ಕೀ ಒತ್ತಕೋತ ಹೋಗು, ರೆಕಾರ್ಡ್ ಮಾಡಿ ಇಡೂಣು. ನಾಳೆ ಪೆಟಗಿ ಕೆಟ್ರ ಬೇಕಾಗತೈತಿ.” ತನ್ನ ದನಿಯನ್ನು ಇಷ್ಟು ಜೋಪಾನ ಮಾಡುತ್ತಿದ್ದಾರಲ್ಲ ಎಂದು ಯಮನೂರಪ್ಪ ಉಸಿರು ಬಿಗಿಹಿಡಿದು, ಎಲ್ಲ ಕೀಗಳನ್ನೂ ಕೂಸಿನ ಕೆನ್ನೆ ಮುಟ್ಟುವಂತೆ ಒತ್ತಿದ.

ಮುಂದಿನ ಮದುವೆಯ ದಿನ ಆ ಕುರ್ಚಿಯಲ್ಲಿ ಹೂಗಾರನ ಅಕ್ಕನ ಮಗ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತಿದ್ದ.

“ನಿನ್ನ ದನಿ ಇದರಾಗ ಐತಲ್ಲೋ,” ಎಂದ ಹೂಗಾರ. “ಇನ್ನ ನೀ ಯಾಕ?”

ಯಮನೂರಪ್ಪ ಮೆಟ್ಟಿಲಿಳಿದು ಹೋದ. ನನ್ನನ್ನು ಹೂಗಾರ ಹೊಸದಾಗಿ ಕಟ್ಟಿಸಿದ್ದ ಕಲ್ಯಾಣ ಮಂಟಪದಲ್ಲಿ, ವೇದಿಕೆಯ ಹಿಂದಿನ ಸಾಮಾನು ಕೋಣೆಗೆ ನೂಕಿದರು. ಮುರಿದ ಕುರ್ಚಿಗಳು, ಪ್ಲಾಸ್ಟಿಕ್ ಹೂವಿನ ಹಾರಗಳು, ನಾನು. ಇಲಿಗಳು ನನ್ನ ವೈರು ಕಡಿದು ಎಷ್ಟೋ ಕಾಲವಾಯಿತು.

ಮೊನ್ನೆ ಬೀಗರ ಮದುವೆಗೆಂದು ಯಮನೂರಪ್ಪ ಇಲ್ಲಿಗೆ ಬಂದಿದ್ದ. ಕೋಣೆಯ ಬಾಗಿಲು ತೆರೆದು, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಧೂಳು ಒರೆಸತೊಡಗಿದ. ಆಗಲೇ ವೇದಿಕೆಯಲ್ಲಿ ಆ ಹಾಡು ಶುರುವಾಯಿತು. ಅವನ ಕೈ ನಿಂತಿತು. ದನಿಯಲ್ಲಿ ನಡುಕವೇ ಇರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯಂತೆ ಚಪ್ಪಟೆಯಾಗಿತ್ತು.

ಬಾಗಿಲಿಗೆ ಹತ್ತಿರವೇ ಹೂಗಾರನ ಅಕ್ಕನ ಮಗ ಕುಳಿತಿದ್ದ. “ತಮ್ಮಾ, ದನಿಗೆ ಏನಾಗೇತಿ?” ಎಂದು ಯಮನೂರಪ್ಪ ಕೇಳಿದ.

“ಅದರಾಗ ಸ್ವಲ್ಪ ಅಪಸ್ವರ ಇತ್ತು ಕಾಕಾ. ಕಂಪ್ಯೂಟರಿನ್ಯಾಗ ಸರಿ ಮಾಡೀನಿ.”

“ಯಾರೂ ಏನೂ ಅನ್ನಲಿಲ್ಲೇನ?”

“ಯಾರಿಗಿ ತಿಳೀತೈತಿ?”

ಹೂಗಾರನ ಮೇಲೆ ನನಗೆ ಸಿಟ್ಟಿಲ್ಲ, ಅವನ ದಂಧೆ ಅದು. ಈ ಹುಡುಗನ ಮೇಲೂ ಇಲ್ಲ, ಅವನ ಕಿವಿಯೇ ಅಷ್ಟು. ನನ್ನ ಹೊಟ್ಟೆ ಉರಿಯುವುದು ಕುಣಿಯುವವರನ್ನು ಕಂಡರೆ. ಇವರಿಗಾಗಿ ಆ ಮನುಷ್ಯ ಊಟ ನಿದ್ದೆ ಬಿಟ್ಟ, ಅಪ್ಪನ ಉಸಿರನ್ನು ಹುಡುಕಿ ತಂದ, ಕೊನೆಗೆ ಕುರ್ಚಿಯನ್ನೂ ಕಳೆದುಕೊಂಡ. ಯಮನೂರಪ್ಪ ಬಾಗಿಲು ಹಿಡಿದು ಹಾಡು ಮುಗಿಯುವವರೆಗೂ ಅವರನ್ನು ನೋಡುತ್ತಾ ನಿಂತ. ಒಬ್ಬನ ಹೆಜ್ಜೆಯೂ ತಪ್ಪಲಿಲ್ಲ.