ಕುರ್ಚಿ ಮಗುಚುವ ಅತ್ತಿಗೆ

ನಮ್ಮ ಅತ್ತಿಗೆ ಯಾರ ಮನೆಗೆ ಹೋದರೂ, ಬನ್ನಿ ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿದ ಕೂಡಲೇ ಕೂತುಬಿಡುವವರಲ್ಲ. ಮೊದಲು ಆ ಕುರ್ಚಿಯನ್ನು ಎರಡು ಕೈಯಿಂದ ಎತ್ತಿ, ತಲೆಕೆಳಗು ಮಾಡಿ, ಅದರ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಅಲ್ಲಾಡಿಸಿ, ಸಂದುಸಂದಿಗೂ ಕಣ್ಣಿಟ್ಟು ನೋಡಿ, ಆಮೇಲೆ ನೆಟ್ಟಗೆ ನಿಲ್ಲಿಸಿ ಆಸೀನರಾಗುವುದು ಅವರ ಕ್ರಮ. ನನ್ನ ಮದುವೆಯ ಮಾತುಕತೆಗೆಂದು ಹೋದ ದಿನವೂ ಅವರು ಈ ಕ್ರಮ ತಪ್ಪಿಸಲಿಲ್ಲ. ಆಗಿನ್ನೂ ಮಾವನಾಗಿರದ ನನ್ನ ಮಾವ ಕನ್ನಡಕ ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಕೂತಿದ್ದ ಕುರ್ಚಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು, ಅತ್ತಿಗೆ ಅದರ ಮುಂದೆ ಮಂಡಿಯೂರಿದ್ದರು. "ಅದಿರಲಿ, ಇಷ್ಟು ದಿನ ನೀವು ಬೀಳದೆ ಉಳಿದಿದ್ದು ನಿಮ್ಮ ಪುಣ್ಯ" ಎಂದರು. ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ನನ್ನ ಮದುವೆ ಎಕ್ಕುಟ್ಟಿ ಹೋಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ. ಮಾವನವರು ಮಾತ್ರ ಬಗ್ಗಿ ನೋಡಿ, ಅರ್ಧ ಹೊರಬಂದು ನೇತಾಡುತ್ತಿದ್ದ ಮೊಳೆಯನ್ನು ಕಂಡು, "ಇದಕ್ಕೇನು ಮಾಡ್ಬೇಕಮ್ಮ?" ಎಂದು ಕೇಳಿದರು. ಆ ಮಧ್ಯಾಹ್ನ ಎರಡು ಸಂಗತಿಗಳು ನಿಶ್ಚಯವಾದವು: ನನ್ನ ಮದುವೆ, ಮತ್ತು ಅತ್ತಿಗೆಗೆ ಆರು ಕುರ್ಚಿಗಳ ಮೊಟ್ಟಮೊದಲ ಕೆಲಸ. ಯಾವುದು ಮೊದಲು ನಿಶ್ಚಯವಾಯಿತು ಎಂಬ ಬಗ್ಗೆ ನನಗೂ ನನ್ನ ಹೆಂಡತಿಗೂ ಇವತ್ತಿಗೂ ಭಿನ್ನಾಭಿಪ್ರಾಯವಿದೆ.

"ಅದಿರಲಿ" ಎಂಬುದು ಅವರ ಮಾತಿನ ಹೆಬ್ಬಾಗಿಲು. ಅದಕ್ಕೆ ಮುಂಚೆ ಏನೋ ಒಂದು ಮಾತು ನಡೆದಿರಬೇಕು ಎಂಬ ನಿಯಮ ಅವರಿಗಿಲ್ಲ; ಬೆಳಿಗ್ಗೆ ಎದ್ದು ಬಾಯಿ ತೆರೆದರೂ ಮೊದಲು ಹೊರಬೀಳುವುದು ಅದೇ. ಕುಳ್ಳನೆಯ ಆಳು, ಚುರುಕು ನಡಿಗೆ, ಮೊಣಕಾಲು ಮುಟ್ಟುವ ಕಂದು ಬಣ್ಣದ ಕೋಟು. ಅದು ಅಣ್ಣನ ಹಳೆಯ ಕೋಟು. ತೋಳು ಕತ್ತರಿಸಿ, ಜೇಬು ದೊಡ್ಡದು ಮಾಡಿಸಿಕೊಂಡಿದ್ದರು. ತುರುಬಿನಲ್ಲಿ ಸದಾ ಒಂದು ಪೆನ್ಸಿಲು ಸಿಕ್ಕಿಸಿಕೊಂಡು, ಅದೇ ಪೆನ್ಸಿಲನ್ನು ನಮ್ಮ ಕುರ್ಚಿ ಕೆಲಸದ ಇಡೀ ಶೆಡ್ಡಿನಲ್ಲಿ ಹುಡುಕಿಸುವುದು ದಿನಕ್ಕೆರಡು ಸಲದ ಕಾರ್ಯಕ್ರಮ. ಬಲಗೈಯಲ್ಲಿ ಅಳತೆಯ ಕೋಲು. ಶೆಡ್ಡಿನಲ್ಲಿ ಕೆಲಸ ಶುರುವಾದ ಮೊದಲ ವಾರದಲ್ಲೇ ಗಟ್ಟಿ ಮರದಲ್ಲಿ ತಾವೇ ಮಾಡಿಕೊಂಡದ್ದು. ಕಾಲು ಎಷ್ಟೆತ್ತರ, ಆಸನ ಎಷ್ಟೆತ್ತರ, ಬೆನ್ನು ಎಷ್ಟೆತ್ತರ ಎಂದು ಅದರ ಮೈಮೇಲೆ ಗೀರುಗಳಿದ್ದವು. ನಮ್ಮಲ್ಲಿ ತಯಾರಾದ ಪ್ರತಿ ಕುರ್ಚಿಯೂ ಆ ಕೋಲಿನ ಗೀರಿಗೆ ತಲೆಬಾಗಿಯೇ ಹೊರಗೆ ಹೋಗಬೇಕು. ಮಾತಿಗೆ ಒತ್ತು ಬೇಕಾದಾಗಲೆಲ್ಲ ಅತ್ತಿಗೆ ಆ ಕೋಲನ್ನು ಸಿಮೆಂಟು ನೆಲಕ್ಕೆ ಠಕ್ಕೆಂದು ಕುಟ್ಟುತ್ತಿದ್ದರು, ಅವರ ಮಾತಿಗೆ ಒತ್ತು ಬೇಡವಾದ ಸಂದರ್ಭ ನನಗೆ ನೆನಪಿಲ್ಲ.

ಅವರು ಹುಟ್ಟಾ ಬಡಗಿಯಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿನ ಕುರ್ಚಿಯ ದೆಸೆಯಿಂದ ಸೊಂಟ ಹಿಡಿದುಕೊಂಡಿತು. ಮೇಲಿನವರಿಗೆ ಪತ್ರ ಬರೆದರು. ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಏಳು ತಿಂಗಳ ಮೇಲೆ ಬಂತು. ಮಾರನೆಯ ದಿನ ಅತ್ತಿಗೆ ಮನೆಯಿಂದ ಗರಗಸ ತೆಗೆದುಕೊಂಡು ಹೋಗಿ, ಊಟದ ಬಿಡುವಿನಲ್ಲಿ ಆ ಕುರ್ಚಿಯ ನಾಲ್ಕೂ ಕಾಲುಗಳನ್ನು ತಮ್ಮ ಎತ್ತರಕ್ಕೆ ಕೊಯ್ದು, ಸುಖವಾಗಿ ಕೂತು ಸಂಜೆಯವರೆಗೆ ಕೆಲಸ ಮಾಡಿದರು. ಅದೇ ಅವರ ಅಲ್ಲಿನ ಕೊನೆಯ ದಿನ. ಅಡ್ಡಾದಿಡ್ಡಿ ವಸ್ತು ಕಂಡರೆ ನಾವು ನೀವು ಬೈಯುತ್ತೇವೆ, ಅತ್ತಿಗೆ ಬಿಚ್ಚುತ್ತಾರೆ. ಮನೆಗೆ ಬಂದು ಸುದ್ದಿ ಹೇಳಿದಾಗ ಮೇಷ್ಟ್ರು ಕೆಲಸದಲ್ಲಿದ್ದ ನಮ್ಮಣ್ಣ, "ಸರಿ, ಅಡುಗೆ ನಾನು ನೋಡ್ಕೋತೀನಿ" ಎಂದನಂತೆ. ಅವರ ದಾಂಪತ್ಯದ ಬಗ್ಗೆ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾಗಿಲ್ಲ.

ಹಳೆಯ ಡ್ರಮ್ಮುಗಳನ್ನು ತುಂಬಿಡುತ್ತಿದ್ದ ತಗಡಿನ ಶೆಡ್ಡೊಂದನ್ನು ತೊಳೆದು ಕೆಲಸ ಶುರುವಾಯಿತು. ಪತ್ರವ್ಯವಹಾರ ನೋಡಿಕೊಳ್ಳುವ ನೆಪದಲ್ಲಿ ನಾನೂ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡೆ. ನಾನು ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಕೇಳಿ, ಅವರಿಗಿಂತ ಹದಿನೈದು ವರ್ಷ ಹಿರಿಯರಾದ ಬಡಗಿ ಮೇಸ್ತ್ರಿಯೂ ಅತ್ತಿಗೆ ಎನ್ನತೊಡಗಿದರು. ಹತ್ತು ವರ್ಷ ಕಳೆಯುವುದರಲ್ಲಿ ಮೂವತ್ತು ಜನಕ್ಕೆ ಅವರು ಅತ್ತಿಗೆ. ಆ ಮೂವತ್ತು ಜನಕ್ಕೂ ಕೆಲಸಕ್ಕೆ ಸೇರಿದ ದಿನ ಅವರು ಹೇಳುತ್ತಿದ್ದ ಮಾತು ಒಂದೇ: "ಕೆಲಸ ಇಲ್ಲ ಅಂತ ನಾನಾಗಿ ಯಾರನ್ನೂ ಮನೆಗೆ ಕಳಿಸಲ್ಲ. ಅದಿರಲಿ, ತಪ್ಪನ್ನ ಮಾತ್ರ ಮುಚ್ಚಿಡಬೇಡಿ."

ಮುಚ್ಚಿಡಬಾರದು ಎನ್ನುವುದು ಸುಲಭ. ಮುಚ್ಚಿಡುವ ಅಗತ್ಯವೇ ಇಲ್ಲದಂತೆ ಅವರು ಒಂದು ಪದ್ಧತಿ ಮಾಡಿದರು. ಶೆಡ್ಡಿನ ನಟ್ಟನಡುವೆ ಒಂದು ದೊಡ್ಡ ಮೇಜು. ತನ್ನ ಕೈಯಲ್ಲಿ ಏನೋ ಕೆಟ್ಟಿದೆ, ಅಥವಾ ಬೇರೆಲ್ಲೋ ಏನೋ ಸರಿಯಿಲ್ಲ ಎಂದು ಯಾರಿಗೆ ಅನ್ನಿಸಿದರೂ ಸರಿ, ಆ ಕುರ್ಚಿಯನ್ನು ತಂದು ಮೇಜಿನ ಮೇಲೆ ಮಗುಚಿಡುವುದು. ತಕ್ಷಣ ಗರಗಸ, ಉಳಿ, ಕುಂಚ ಎಲ್ಲ ನಿಲ್ಲಬೇಕು, ಎಲ್ಲರೂ ಬಂದು ನೋಡಬೇಕು. "ಯಾರು ಮಾಡಿದ್ದು ಅಂತ ಕೇಳೋ ಹಾಗಿಲ್ಲ. ಎಲ್ಲಿ ಕೆಟ್ಟಿದೆ ಅಂತ ಕೇಳಿ" ಎಂದು ಕೋಲು ಕುಟ್ಟಿ ಸಾರಿದ್ದರು. ಅಷ್ಟೇ ಅಲ್ಲ, ಅವತ್ತು ಕುರ್ಚಿ ಮಗುಚಿದವರಿಗೆ ಮಧ್ಯಾಹ್ನದ ಮೊದಲ ಲೋಟ ಚಹಾ, ಅತ್ತಿಗೆಯ ಕೈಯಿಂದಲೇ.

ಇದರಿಂದ ಮೊದಮೊದಲು ಪೀಕಲಾಟವೇ ಆಯಿತು. ಚಹಾ ಎಂದರೆ ಪ್ರಾಣ ಬಿಡುವ ಮೇಸ್ತ್ರಿಗೆ ಇದ್ದಕ್ಕಿದ್ದಂತೆ ಸೂಕ್ಷ್ಮದೃಷ್ಟಿ ಪ್ರಾಪ್ತವಾಗಿ, ಸತತ ನಾಲ್ಕು ದಿನ ಮಗುಚಿದ್ದೇ ಮಗುಚಿದ್ದು. ಒಂದು ದಿನ ಮರದ ಬಣ್ಣ ತನಗೆ ಯಾಕೋ ಹಿಡಿಸಲಿಲ್ಲ ಎಂಬ ಕಾರಣಕ್ಕೆ. ಅತ್ತಿಗೆ ಐದನೆಯ ದಿನ ಲೋಟ ಕೊಡುತ್ತಾ, "ಮೇಸ್ತ್ರೀ, ಚಹಾ ಬೇಕಾದ್ರೆ ಬಾಯಿಬಿಟ್ಟು ಕೇಳಿ. ಪಾಪ, ಕುರ್ಚಿಗೆ ತಲೆ ಸುತ್ತುತ್ತೆ" ಎಂದರು. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಮೇಸ್ತ್ರಿ. ಆ ನಗುವಿನ ನಂತರ ಪದ್ಧತಿ ಬೇರುಬಿಟ್ಟಿತು.

ಒಂದೇ ಒಂದು ಸಲವೂ ಕುರ್ಚಿ ಮಗುಚದವಳೆಂದರೆ ಪಾಲಿಶ್ ಹಾಕುವ ಹೆಂಗಸು. ಅವಳ ಹೆಸರು ಬೇರೆ, ನಾವಿಟ್ಟದ್ದು ಮೌನಗೌರಿ. ಆರು ವರ್ಷದಲ್ಲಿ ಅವಳ ಬಾಯಿಂದ "ಹೂಂ" ಮತ್ತು "ಆಯ್ತು" ಬಿಟ್ಟು ಮೂರನೆಯ ಶಬ್ದವನ್ನು ನಾನು ಕೇಳಿರಲಿಲ್ಲ. ಇಲ್ಲಿಗೆ ಬರುವ ಮುಂಚೆ ಎಲ್ಲೋ ಒಂದು ಕಡೆ, ಎದುರು ಮಾತಾಡಿದಳೆಂದು ಅವಳನ್ನು ನಿಂತ ಕಾಲಲ್ಲಿ ಹೊರಗೆ ಹಾಕಿದ್ದರಂತೆ.

ಹತ್ತನೆಯ ವರ್ಷ ಕೆಲಸ ಬಹಳ ಇಳಿದುಹೋಯಿತು. ಅರ್ಧ ಜನ ಸುಮ್ಮನೆ ಉಳಿ ಮಸೆಯುತ್ತಾ ಕೂತಿದ್ದರು. ಅಂಥ ಹೊತ್ತಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ದೊಡ್ಡ ವಾಚನಾಲಯವೊಂದರಿಂದ ಮುನ್ನೂರು ಕುರ್ಚಿಗಳಿಗೆ ಕರೆ ಬಂತು. ಅದರ ಮುಖ್ಯಸ್ಥರ ಮನೆಯಲ್ಲಿ ಅತ್ತಿಗೆ ಮೊದಲ ವರ್ಷ ಮಾಡಿಕೊಟ್ಟ ಕುರ್ಚಿಯೊಂದಿತ್ತು. ತದ್ವತ್ ಅದರಂಥವೇ ಬೇಕು, ಮೇಜುಗಳು ಅದರ ಎತ್ತರಕ್ಕೇ ತಯಾರಾಗಿವೆ ಎಂಬ ಕರಾರು. ಇದು ಕೈಹಿಡಿದರೆ ಮುಂದೆ ಅವರದೇ ಇನ್ನೂ ಎರಡು ಕಟ್ಟಡಗಳ ಕೆಲಸ. ಕೈತಪ್ಪಿದರೆ ಹದಿನೈದು ಜನರನ್ನು ಮನೆಗೆ ಕಳಿಸದೆ ಗತ್ಯಂತರವಿಲ್ಲ, ಅತ್ತಿಗೆಯ ಮಾತು ಅಲ್ಲಿಗೆ ಮಣ್ಣುಪಾಲು. ಎರಡು ತಿಂಗಳು ಎಲ್ಲರೂ ಮೈಮುರಿದು ದುಡಿದರು. ಮುನ್ನೂರೂ ಮುಗಿದು ಸಾಲಾಗಿ ನಿಂತವು. ತಪಾಸಣೆಗೆ ಎರಡು ದಿನವಿದೆ ಎನ್ನುವಾಗ ಮುಖ್ಯಸ್ಥರು ತಮ್ಮ ಮನೆಯ ಆ ಹಳೆಯ ಕುರ್ಚಿಯನ್ನೂ ಕಳಿಸಿ, ಇದಕ್ಕೂ ಒಂದು ಕೈ ಪಾಲಿಶ್ ಹಾಕಿಕೊಡಿ ಎಂದರು.

ಅದು ಮೌನಗೌರಿಯ ಕೈಗೆ ಹೋಯಿತು. ಅವಳು ಅದನ್ನು ಹೊಸದೊಂದರ ಪಕ್ಕದಲ್ಲಿಟ್ಟು ಒರೆಸುತ್ತಿದ್ದಾಗ ಬಟ್ಟೆ ಹಳೆಯ ಆಸನದಿಂದ ಹೊಸ ಆಸನಕ್ಕೆ ಜಾರುವಲ್ಲಿ ಕೈ ಸ್ವಲ್ಪ ಕೆಳಗಿಳಿಯಿತು. ಇನ್ನೊಂದು ತಂದಿಟ್ಟಳು, ಅಲ್ಲೂ ಇಳಿಯಿತು. ನಾನು ನನ್ನ ಮೂಲೆಯಿಂದ ಅವಳನ್ನೇ ನೋಡುತ್ತಿದ್ದೆ. ಬಹಳ ಹೊತ್ತು ಬಟ್ಟೆ ಹಿಂಡುತ್ತಾ ನಿಂತಿದ್ದವಳು, ಊಟದ ಗಂಟೆಗೆ ಇನ್ನೇನು ಕಾಲುಗಂಟೆಯಿದೆ ಎನ್ನುವಾಗ ಆ ಹಳೆಯ ಕುರ್ಚಿಯನ್ನೂ ಹೊಸದೊಂದನ್ನೂ ಎತ್ತಿಕೊಂಡು ಹೋಗಿ ನಡುವಿನ ಮೇಜಿನ ಮೇಲೆ ಮಗುಚಿದಳು.

ಎಲ್ಲ ಸದ್ದೂ ನಿಂತಿತು. ಅಕ್ಕಪಕ್ಕದಲ್ಲಿ ಮೇಲೆ ಚಾಚಿದ್ದ ಕಾಲುಗಳನ್ನು ನೋಡಿದರೆ ಯಾರಿಗಾದರೂ ಕಾಣುವಂತಿತ್ತು: ಹೊಸದರ ಕಾಲು ಅರ್ಧ ಬೆರಳಗಲದಷ್ಟು ಗಿಡ್ಡ. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ಅತ್ತಿಗೇ, ಕೋಲಿನ ಗೀರಿಗೆ ಕೂದಲೆಳೆ ಆಚೀಚೆ ಮಾಡಿಲ್ಲ ನಾನು" ಎಂದು ಕೋಲು ಹಿಡಿದು ತೋರಿಸಿದರು. ಹೊಸ ಕಾಲುಗಳೆಲ್ಲ ಗೀರಿಗೆ ಸರಿಯಾಗಿಯೇ ಇದ್ದವು. ಹಾಗಾದರೆ ಹಳೆಯದೇ ತಪ್ಪೇ? "ಹಳೇದು ನಾನೇ ಮಾಡಿದ್ದು, ಇದೇ ಕೋಲಲ್ಲಿ. ಅದು ತಪ್ಪಿರೋಕೆ ಸಾಧ್ಯನೇ ಇಲ್ಲ" ಎಂದು ಅತ್ತಿಗೆ ಕೋಲು ಕಿತ್ತುಕೊಂಡು ನೆಲಕ್ಕೆ ಕುಟ್ಟಿದರು. ಹತ್ತು ವರ್ಷದಲ್ಲಿ ಅವರ ದನಿ ಹಾಗೆ ಏರಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಆಗ ಮೌನಗೌರಿ ಬಾಯಿ ತೆರೆದಳು. "ಅತ್ತಿಗೆ, ಕೋಲಿನ ತುದಿ ನೋಡಿ. ನೀವು ಕುಟ್ಟಿ ಕುಟ್ಟಿ ಸವೆದುಹೋಗಿದೆ."

ಅತ್ತಿಗೆ ಕೋಲನ್ನು ತಿರುಗಿಸಿದರು. ಚೌಕವಾಗಿದ್ದ ತುದಿ ಹಳೆಯ ಸೋಪಿನಂತೆ ಉರುಟಾಗಿತ್ತು. ಹತ್ತು ವರ್ಷದ ಒತ್ತುಗಳೆಲ್ಲ ಸೇರಿ ಅರ್ಧ ಬೆರಳು ನುಂಗಿದ್ದವು. ನಾಲ್ಕೂ ಕಾಲು ಒಂದೇ ಸಮ ಗಿಡ್ಡವಾದ್ದರಿಂದ ಯಾವ ಕುರ್ಚಿಯೂ ಅಲ್ಲಾಡಿರಲಿಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಮೌನಗೌರಿಯ ಕೈಯಲ್ಲಿದ್ದ ಬಟ್ಟೆ ನಡುಗುತ್ತಿತ್ತು. ನಾನೋ, ಸಂದರ್ಭವನ್ನು ಉಳಿಸಬೇಕೆಂಬ ಹುಮ್ಮಸ್ಸಿನಲ್ಲಿ, "ಅರ್ಧ ಬೆರಳು ತಾನೆ? ಯಾರು ನೋಡ್ತಾರೆ ಬಿಡಿ" ಎಂದುಬಿಟ್ಟೆ.

"ಗೌರಿ ನೋಡಿದ್ಲಲ್ಲ" ಎಂದರು ಅತ್ತಿಗೆ. ಮತ್ತೆ ಕೋಲಿನ ತುದಿ ನೋಡಿದರು, ನೆಲ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ಆಮೇಲೆ ಬಂತು ನೋಡಿ ನಗು! ಕೋಟಿನ ಗುಂಡಿ ಕಿತ್ತುಹೋಗುವಂಥ ನಗು. ಮೇಜು ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, "ಅಯ್ಯೋ ನನ್ನ ಬಾಯಿಗಿಷ್ಟು! ಮುನ್ನೂರು ಕುರ್ಚಿಗೆ ಭಾಷಣ ಮಾಡಿ ಕಾಲು ಸವೆಸಿದೀನಲ್ಲ!" ಎಂದರು. ಮೂವತ್ತು ಜನರ ಉಸಿರು ಒಟ್ಟಿಗೆ ಹೊರಬಿತ್ತು.

ಅಲ್ಲೇ, ಎಲ್ಲರೆದುರಿಗೇ, ಮುಖ್ಯಸ್ಥರಿಗೆ ಫೋನು ಮಾಡಿದರು. "ಕುರ್ಚಿ ಗಿಡ್ಡ ಆಗಿದೆ. ತಪ್ಪು ನನ್ನದೇ, ನನ್ನ ಕೆಲಸದವರದ್ದಲ್ಲ. ಒಂದು ವಾರ ಕೊಡಿ, ಸರಿಯಾದದ್ದು ಕೊಡ್ತೀನಿ." ಆ ಕಡೆಯವರು ರೇಗಿದ್ದು ನನಗೂ ಕೇಳಿಸಿತು. ಆರು ದಿನ, ಏಳನೆಯದಿಲ್ಲ ಎಂದರು. ಆರು ದಿನದಲ್ಲಿ ಸಾವಿರದ ಇನ್ನೂರು ಮರದ ಪಾದಗಳನ್ನು ಕೊಯ್ದು, ಉಜ್ಜಿ, ಬೆಣೆ ಹೊಡೆದು, ಕಾಲುಗಳ ಅಡಿಗೆ ಅಂಟಿಸಿದೆವು. ಅಣ್ಣ ಶಾಲೆಗೆ ರಜೆ ಹಾಕಿ ಬಂದು, ಅಂಟು ಕಲಸಲು ಕೂತು, ತನ್ನ ಎರಡು ಬೆರಳನ್ನೇ ಒಂದಕ್ಕೊಂದು ಅಂಟಿಸಿಕೊಂಡ. ಆರನೆಯ ದಿನ ಪರೀಕ್ಷಕರು ಬಂದು, ಎಲ್ಲಿಂದೆಲ್ಲಿಂದಲೋ ಇಪ್ಪತ್ತು ಕುರ್ಚಿ ಎಳೆಸಿ ಅಳೆದು, ಮುಗುಳ್ನಗೆಯನ್ನೂ ಖರ್ಚು ಮಾಡದೆ ಸಹಿ ಹಾಕಿ ಹೋದರು. ಲಾರಿ ಗೇಟು ದಾಟುವವರೆಗೆ ಸುಮ್ಮನಿದ್ದ ಶೆಡ್ಡು ಆಮೇಲೆ ತಗಡು ಹಾರಿಹೋಗುವಂತೆ ಕೂಗಿತು. ಒಬ್ಬರೂ ಮನೆಗೆ ಹೋಗಬೇಕಾಗಲಿಲ್ಲ.

ಕುರ್ಚಿ ಮಗುಚಿದ ಆ ಮಧ್ಯಾಹ್ನದ ಮೊದಲ ಲೋಟವನ್ನು ಅತ್ತಿಗೆ ಮೌನಗೌರಿಗೆ ಕೊಟ್ಟು, "ಅದಿರಲಿ, ಇನ್ನೇನೇನು ನೋಡಿಟ್ಕೊಂಡಿದೀಯ, ಹೇಳು" ಎಂದಿದ್ದರು. ಅವಳು ಹೇಳತೊಡಗಿದಳು. ಪಾಲಿಶ್ ಕೋಣೆಯ ಕಿಟಕಿ ತಪ್ಪು ದಿಕ್ಕಿನಲ್ಲಿದೆ. ಮರದ ಪುಡಿ ಅಲ್ಲಿಂದಲೇ ಒಳಗೆ ಬರುತ್ತೆ. ಮೇಸ್ತ್ರಿ ಕುಂಚ ತಗೊಂಡರೆ ವಾಪಸು ಕೊಡಲ್ಲ. ಒಟ್ಟು ಹನ್ನೊಂದು ಅಂಶಗಳು. ಚಹಾ ತಣ್ಣಗಾಯಿತು. ಅಂದಿನಿಂದ ಅವಳ ಅಡ್ಡಹೆಸರಿಗೆ ಅರ್ಥವೇ ಉಳಿಯಲಿಲ್ಲ; ಈಗ ಆ ಕಾರ್ಖಾನೆಯ ಮೇಲ್ವಿಚಾರಣೆ ಅವಳದೇ, ಮಾತು ಆರಂಭಿಸಿದರೆ ಅತ್ತಿಗೆಯೇ ಕೈಮುಗಿಯಬೇಕು.

ಇಷ್ಟು ಹೇಳಿ ನನ್ನದೊಂದು ಸಂಗತಿ ಹೇಳದಿದ್ದರೆ ಈ ಚಿತ್ರ ಪ್ರಾಮಾಣಿಕವಾಗದು. ಆ ಕೋಲಿನ ತುದಿ ಸವೆದಿದ್ದನ್ನು ನಾನು ಎರಡು ವರ್ಷ ಮೊದಲೇ ಕಂಡಿದ್ದೆ. ಅಳತೆ ತಪ್ಪಬಹುದೆಂದೂ ಹೊಳೆದಿತ್ತು. ಅತ್ತಿಗೆಯ ಕೋಲಿನಲ್ಲಿ ತಪ್ಪು ಹುಡುಕುವುದು ಹೇಗೆಂದು ಬಾಯಿ ಮುಚ್ಚಿಕೊಂಡಿದ್ದೆ. ಲಾರಿ ಹೋದ ಸಂಜೆ ತಡೆಯಲಾರದೆ ಅವರೆದುರು ಒಪ್ಪಿಕೊಂಡೆ. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ನನ್ನ ಕಂಡ್ರೆ ಭಯನಾ ನಿನಗೆ?" ಎಂದು ಕೇಳಿದರು.

"ಛೆ ಛೆ, ಭಯ ಯಾಕೆ ಅತ್ತಿಗೆ. ಗೌರವ."

"ಹಾಗಾದ್ರೆ ಅದನ್ನ ಸ್ವಲ್ಪ ಕಡಿಮೆ ಮಾಡ್ಕೋಪ್ಪ" ಎಂದರು, ನನ್ನ ಬೆನ್ನು ತಟ್ಟಿ ಒಳಗೆ ಹೋದರು.

ಏನೂ ಇಲ್ಲದ ಕಡೆ ಒಂದು ಉದ್ಯಮವನ್ನು ಕಟ್ಟಿ ನಿಲ್ಲಿಸುವವರ ಸಾಹಸವನ್ನು ಲೋಕ ಕೊಂಡಾಡುತ್ತದೆ, ಕೊಂಡಾಡಲಿ. ಹತ್ತಿರದಿಂದ ಕಂಡ ನನಗೆ ಆ ಬಗೆಯ ಜನರ ದೊಡ್ಡಸ್ತಿಕೆ ಇನ್ನೊಂದೆಡೆ ಕಾಣುತ್ತದೆ: ತಮ್ಮ ಕೆಳಗೆ ದುಡಿಯುವವರ ನಾಲಿಗೆ ತಮ್ಮೆದುರು ಒಣಗಬಾರದೆಂದು ಹಂಬಲಿಸುವ, ಒಣಗಿದ್ದು ಗೊತ್ತಾದರೆ ಅದು ತಮ್ಮದೇ ಕುಂದೆಂದು ನೊಂದುಕೊಳ್ಳುವ ಮನಸ್ಸಿನಲ್ಲಿ. ಅಂಥವರ ಸುತ್ತ ಕೈಮುಗಿಯುವವರು ತಾವಾಗಿಯೇ ಸೇರುತ್ತಾರೆ, ನಾನೂ ಸೇರಿದವನೇ. ಅವರಿಗೆ ನಿಜವಾಗಿ ಬೇಕಾಗಿರುವುದು, ಕೈ ನಡುಗಿದರೂ ಎದುರು ನಿಂತು ಹೇಳುವ ಒಬ್ಬರು. ಅಷ್ಟು ಪ್ರೀತಿ ಆ ಶೆಡ್ಡಿನಲ್ಲಿ ಅವತ್ತು ಒಬ್ಬಳಿಗೆ ಮಾತ್ರ ಇತ್ತು, ಮೈದುನನಾದ ನನಗಿರಲಿಲ್ಲ.