ಸರ್ವಾನುಮತದಿಂದ

ನೀರು ಇನ್ನೂ ಇಳಿಯುತ್ತಲೇ ಇದೆ, ಎಷ್ಟು ಹಿಂಡಿದರೂ ಈ ಹೊದಿಕೆಯ ಹೊಟ್ಟೆಯೊಳಗೆ ಇನ್ನೊಂದು ಬೊಗಸೆ ಉಳಿದೇ ಇರುತ್ತದೆ, ನಲ್ಲಿಯ ಕುತ್ತಿಗೆಗೆ ಒಂದು ತುದಿ ಸುತ್ತಿ ಇನ್ನೊಂದು ತುದಿ ಹಿಡಿದು ತಿರುಚು, ತಿರುಚು, ಒಬ್ಬಳೇ ಮಾಡುವ ಕೆಲಸವಲ್ಲ ಇದು, ಇಬ್ಬರು ಬೇಕು, ಒಬ್ಬರು ಬಲಕ್ಕೆ ಒಬ್ಬರು ಎಡಕ್ಕೆ — ಆಗ ಆ ತುದಿಯಲ್ಲಿ ತಮ್ಮ ಇರುತ್ತಿದ್ದ, ಜಾರುವ ಚಡ್ಡಿಯನ್ನು ಮೊಣಕೈಯಲ್ಲಿ ತಡೆದುಕೊಂಡು, ಬಟ್ಟೆ ಬಿಗಿಯಾದ ಹೊತ್ತಿಗೆ ಸರಿಯಾಗಿ ಕೈಬಿಟ್ಟು ನನ್ನನ್ನು ಕೆಸರಿನಲ್ಲಿ ಕೂರಿಸಿ, ಅಕ್ಕಾ ಬಿದ್ಯಾ ಎಂದು ಕೇಕೆ ಹಾಕುತ್ತಿದ್ದ, ನಾನೂ ನಗುತ್ತಿದ್ದೆ, ನಗಬಾರದಿತ್ತು, ಅಂದೇ ಬೆನ್ನಿಗೆ ಎರಡು ಬಿಟ್ಟಿದ್ದರೆ ಇಂದು ಗಣಕ ಮತ್ತು ಜಾಲ ಸಂಶೋಧನೆಯ ಪಂಚವಾರ್ಷಿಕ ಯೋಜನಾ ಸಮಿತಿಯ ಅಧ್ಯಕ್ಷರು ಹೀಗೆ ಕೈಬಿಡುತ್ತಿರಲಿಲ್ಲ.

ಅಧ್ಯಕ್ಷರಂತೆ, ಸಮಿತಿಯಲ್ಲಿ ನಾನೂ ಹಾಗೇ ಕರೆಯಬೇಕಂತೆ, ಇವನ ಮೂಗು ಒರೆಸಿದವಳು. ಹಗಲು ಶಾಲೆಗೆ ಇವನು ಹೋದ, ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಲು ಕೂತೆ, ನನ್ನ ಓದೆಲ್ಲ ಆಮೇಲೆ, ರಾತ್ರಿ ಶಾಲೆಯಲ್ಲಿ, ಕಿವಿಯ ಪಕ್ಕ ನರೆ ಬಂದ ಮೇಲೆ — ಇರಲಿ, ಅದನ್ನು ನಾನು ಎಂದೂ ಆಡಿ ತೋರಿಸಿಲ್ಲ. ಅಕ್ಕ, ಬಳಕೆದಾರರ ಕಡೆಯಿಂದ ಒಬ್ರು ಸದಸ್ಯರು ಬೇಕು, ನೀನೇ ಬಾ, ಸುಮ್ನೆ ಕೂತಿದ್ರೆ ಸಾಕು, ಅಂದ. ಕೂತೆ. ಮುನ್ನೋಟ, ಧ್ಯೇಯ, ಗುರಿ, ಉಪಗುರಿ, ಗೋಡೆಯ ತುಂಬ ಬಣ್ಣದ ಚೀಟಿಗಳು, ಮುಂಚೂಣಿ ಎನ್ನಬೇಕೋ ಅಗ್ರಪಂಕ್ತಿ ಎನ್ನಬೇಕೋ ಎಂದು ಒಂದಿಡೀ ಬೆಳಗ್ಗೆ ಜಗಳ, ಸರ್ಕಾರದ ಐದು ವರ್ಷದ ಸಂಶೋಧನಾ ಹಣ ಯಾರ ಪಾಲಿಗೆ ಎಂದು ನಿರ್ಧರಿಸುವ ಜನ ಇವರು, ಕಡೆಗೆ ಉಳಿದದ್ದು ಒಂದೇ ಆಸೆ, ಜಗತ್ತಿನ ಅತಿ ವೇಗದ ಯಂತ್ರಗಳ ಸಾಲಿನಲ್ಲಿ ನಮ್ಮದೂ ಒಂದು ನಿಲ್ಲಬೇಕು, ಅದರಲ್ಲಿ ಏನು ಲೆಕ್ಕ ಮಾಡುತ್ತೀರಿ ಎಂದರೆ ಅದು ಬಂದ ಮೇಲೆ ಗೊತ್ತಾಗುತ್ತದಂತೆ, ಕೂಸು ಹುಟ್ಟುವ ಮುಂಚೆ ಕುಲಾವಿ, ಹೊಲಿದುಕೊಳ್ಳಲಿ, ನನಗೇನೂ ಹೊಟ್ಟೆಯುರಿಯಿಲ್ಲ, ಆದರೆ ಆ ಕುಲಾವಿಗೆ ಬಟ್ಟೆ ಸಾಲದಾದಾಗ ಕತ್ತರಿ ಬಿದ್ದದ್ದು ಯೋಜನೆಯ ಏಳನೆಯ ಅಧ್ಯಾಯಕ್ಕೆ.

ಏಳನೆಯ ಅಧ್ಯಾಯ ಗುಬ್ಬಿಯದು, ಗುಬ್ಬಿ ಎಂದರೆ ಆ ಪುಟ್ಟ ಸಂಶೋಧಕಿ, ಹೆಸರು ನಾನಿಟ್ಟದ್ದು, ಒಂದು ಕಡೆ ನಿಂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಹೊರಗಿನ ದ್ವೀಪಗಳಲ್ಲೆಲ್ಲ ಅವಳು ಪೆಟ್ಟಿಗೆ ಇಟ್ಟಿದ್ದಾಳೆ, ಬಿರುಗಾಳಿ ಎದ್ದು ಸಂಪರ್ಕ ಹರಿದರೂ ಕಳಿಸಿದ ಸಂದೇಶ ಸಾಯುವುದಿಲ್ಲ, ಪೆಟ್ಟಿಗೆಯಲ್ಲೇ ಕಾದು ಕೂರುತ್ತದೆ, ಪಕ್ಕದಲ್ಲಿ ದೋಣಿ ಹಾದರೆ ದೋಣಿಯ ಪೆಟ್ಟಿಗೆಗೆ ಹಾರುತ್ತದೆ, ಅಲ್ಲಿಂದ ಮುಂದಿನ ದ್ವೀಪಕ್ಕೆ, ಹೀಗೆ ದಡ ಮುಟ್ಟುತ್ತದೆ, ಹಳೇ ಅಂಚೆಯವನ ಬುದ್ಧಿ ಅಲ್ವೇನೇ ಇದು ಎಂದೆ, ಹೂಂ ದೊಡ್ಡಮ್ಮ, ಆದ್ರೆ ಅಂಚೆಯವನು ದಾರೀಲಿ ಹರಟೆ ಹೊಡೀತಾನೆ, ಇದು ಹೊಡೆಯಲ್ಲ ಎಂದಳು. ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು, ತಗಡಿನ ಮಾಡಿನ ಆಸ್ಪತ್ರೆ, ಒಂದೇ ಕೋಣೆ, ಸ್ಪಿರಿಟ್ಟಿನ ವಾಸನೆ, ದ್ವೀಪದ ನರ್ಸಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು, ದನದ ಬೆನ್ನು ಸವರುವ ಹಾಗೆ ಸವರುತ್ತ, ಮಗು ಅಡ್ಡ ತಿರುಗಿತ್ತು ಅಮ್ಮ, ಫೋನು ಸತ್ತಿತ್ತು, ಇದಕ್ಕೆ ಬರೆದು ಹಾಕ್ದೆ, ಗಾಳಿ ಇಳಿದ ಕೂಡಲೇ ಹೊರಟ ಮೀನಿನವನು ತನಗೇ ಗೊತ್ತಿಲ್ದೆ ಹೊತ್ಕೊಂಡು ಹೋದ, ಡಾಕ್ಟರು ಬಂದ್ರು, ನೋಡಿ, ಅಲ್ಲಿ ಕೋಳೀನ ಅಟ್ಟಿಸ್ಕೊಂಡು ಹೋಗ್ತಿದೆಯಲ್ಲ, ಅದೇ ಆ ಮಗು, ರಾಕ್ಷಸಿ. ಆದರೆ ಪೆಟ್ಟಿಗೆ ಇನ್ನೂ ಕೂಸು, ಸಂದೇಶ ಹೆಚ್ಚಾದರೆ ಉಸಿರು ಕಟ್ಟುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಅದನ್ನೆಲ್ಲ ಸರಿಮಾಡಲು ಐದು ವರ್ಷ ಬೇಕು, ಯೋಜನೆಯಲ್ಲಿ ಅಧ್ಯಾಯ ಇಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದಿದ್ದರೆ ಪ್ರಯೋಗ ಮುಗಿಯಿತು ಎಂದು ಪೆಟ್ಟಿಗೆಗಳನ್ನು ಬಿಚ್ಚಿಕೊಂಡು ಬರುತ್ತಾರೆ, ಮುಂದಿನ ಬಿರುಗಾಳಿಗೆ ಮುಂಚೆಯೇ, ಆಗ ನರ್ಸಮ್ಮ ಯಾವುದರ ಬೆನ್ನು ಸವರಬೇಕು.

ಅದನ್ನೇ ಹೇಳಲು ಹೊರಟಿದ್ದೆ. ಸಭೆಯ ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಒಂದು ಮೈಕು, ಗುಂಡಿ ಒತ್ತಿದರೆ ಅದರ ಕತ್ತಿಗೆ ಬಳೆ ತೊಡಿಸಿದ ಹಾಗೆ ಕೆಂಪು ದೀಪ, ಒತ್ತಿದೆ, ಬಳೆ ಹತ್ತಿತು, ಏಳನೆಯ ಅಧ್ಯಾಯದ ಬಗ್ಗೆ — ಅಷ್ಟೇ, ಬಳೆ ಆರಿತು. ಕೆಟ್ಟಿತೇನೋ ಎಂದು ಮತ್ತೆ ಒತ್ತಿದೆ, ಹತ್ತಿತು, ಆರಿತು. ತಲೆಯೆತ್ತಿದರೆ ಅವನ ಹೆಬ್ಬೆರಳು. ಅಧ್ಯಕ್ಷರ ಮೈಕಿಗೆ ಇನ್ನೊಂದು ಗುಂಡಿಯಿದೆ, ಅದನ್ನು ಒತ್ತಿದರೆ ಉಳಿದವರೆಲ್ಲರ ಬಾಯಿ ಬಂದ್, ಒತ್ತಿ ಹಿಡಿದಿದ್ದ, ನನ್ನ ಕಡೆ ನೋಡಲಿಲ್ಲ, ಮೆಲ್ಲಗೆ ನಗುತ್ತ, ಯಾರದೂ ಆಕ್ಷೇಪ ಇಲ್ವಲ್ಲ, ಮೌನಂ ಸಮ್ಮತಿ ಲಕ್ಷಣಂ ಎಂದ, ಎಲ್ಲರೂ ನಕ್ಕರು, ಚಹಾ ಬಂತು, ಮೂರನೆಯ ದಿನ ನಡಾವಳಿಯೂ ಬಂತು, ಏಳನೆಯ ಅಧ್ಯಾಯವನ್ನು ಸರ್ವಾನುಮತದಿಂದ ಕೈಬಿಡಲಾಯಿತು, ಕೆಳಗೆ ಹೆಸರುಗಳು, ಅದರಲ್ಲಿ ನನ್ನದೂ. ಸರ್ವಾನುಮತ! ನಿದ್ದೆಯಲ್ಲಿದ್ದವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುವವರಿಗೂ ಇವರಿಗೂ ಏನು ವ್ಯತ್ಯಾಸ, ಆ ಕಳ್ಳರಾದರೂ ರಾತ್ರಿ ಬರುತ್ತಾರೆ.

ಎಕ್ಸ್‌ಚೇಂಜಿನಲ್ಲಿ ನಮಗೊಂದು ನಿಯಮವಿತ್ತು, ತಂತಿಯಲ್ಲಿ ಸದ್ದು ನಿಂತಿತು ಎಂದು ತಂತಿ ಕೀಳುವ ಹಾಗಿಲ್ಲ, ಮಾತು ಮುಗಿಯಿತೇ ಎಂದು ಕೇಳಬೇಕು, ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಬೇಕು, ನಮ್ಮ ಮೇಲ್ವಿಚಾರಕಿ ಹೊಸಬರಿಗೆಲ್ಲ ಹೇಳುತ್ತಿದ್ದಳು, ಸದ್ದಿಲ್ಲ ಅಂತ ಕೀಳಬೇಡ್ರೇ, ಆ ಕಡೆ ಯಾರೋ ಅಳ್ತಿರಬಹುದು. ಇಷ್ಟು ಓದಿದವನಿಗೆ ಇದೊಂದು ಪಾಠ ಯಾವ ಶಾಲೆಯಲ್ಲೂ ಸಿಗಲಿಲ್ಲವೇ.

ಭಿನ್ನಮತದ ಪತ್ರ ಅಂದೇ ಬರೆದೆ, ಬರೆದವಳು ಇಟ್ಟುಕೊಂಡೆ, ಅಕ್ಕ ಸ್ವಲ್ಪ ತಾಳು, ನಾನು ನೋಡ್ಕೋತೀನಿ ಎಂದನಲ್ಲ, ತಾಳಿದವರು ಬಾಳುತ್ತಾರೆ ಎಂದು ತಾಳಿದೆ, ಹೊಸ ಯಂತ್ರದ ಸಂಸ್ಥೆಗೆ ಇವನೇ ನಿರ್ದೇಶಕನಾಗುವ ಮಾತಿದೆ, ನಡಾವಳಿ ಸುಳ್ಳು ಎಂದು ಸ್ವಂತ ಅಕ್ಕನೇ ಬರೆದುಕೊಟ್ಟರೆ ಆ ಕುರ್ಚಿ ಹೋಗುತ್ತದೆ, ಗೊತ್ತು, ಗೊತ್ತಿದ್ದೇ ತಾಳಿದೆ, ವಾರ ಹೋಯಿತು, ತಿಂಗಳು ಹೋಯಿತು, ಇವತ್ತು ಸಂಜೆ ಯೋಜನೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬಂದ ಭಿನ್ನಮತವನ್ನು ಪುಸ್ತಕದಲ್ಲೇ ಸೇರಿಸಬೇಕು, ಅದು ಅವರದೇ ಕಾನೂನು. ಬೆಳಗ್ಗೆ ಫೋನು ಮಾಡಿದ್ದ. ಅಕ್ಕ, ಮುಂದಿನ ಐದು ವರ್ಷದ ಯೋಜನೇಲಿ ಖಂಡಿತ ಹಾಕೋಣ. ಅಲ್ಲೀವರೆಗೆ ಯಾರೂ ಹೆರಬೇಡ್ರಿ ಅಂತ ದ್ವೀಪಕ್ಕೆ ಆದೇಶ ಕಳಿಸ್ತೀಯೇನೋ. ತಮಾಷೆ ಮಾಡ್ಬೇಡ, ಮನೆ ಮಾತು ಬೀದಿಗೆ ತರ್ತೀಯಾ. ಇದು ಮನೆ ಮಾತಲ್ಲ ಕಣೋ, ಬೀದೀದೇ, ನೀನು ಮನೆಗೆ ಹೊತ್ಕೊಂಡು ಬಂದಿದ್ದೀಯ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ ಅಕ್ಕ. ಮಾತಾಡೋಕೆ ಬಿಟ್ಟರೆ ತಾನೆ. ಆಗ ಅವನು ಸುಮ್ಮನಾದ, ಬಹಳ ಹೊತ್ತು, ಉಸಿರು ಮಾತ್ರ ಕೇಳುತ್ತಿತ್ತು, ನಾನು ಕಾದೆ, ಮಾತು ಮುಗಿಯಿತೇನೋ ಎಂದು ಕೇಳಿದೆ, ಇನ್ನೊಮ್ಮೆ ಕೇಳಿದೆ, ಉತ್ತರ ಬರಲಿಲ್ಲ, ಇಟ್ಟುಬಿಟ್ಟ.

ಹೊದಿಕೆ ನಲ್ಲಿಯಲ್ಲೇ ನೇತಾಡಲಿ. ಫೋನು ತೆಗೆದೆ, ಪತ್ರ ತೆರೆದೆ, ಓದಲಿಲ್ಲ, ಓದಿದರೆ ಮೆತ್ತಗೆ ಮಾಡಿಬಿಡುತ್ತೇನೆ, ಸಮಿತಿಯ ಎಲ್ಲರಿಗೂ, ಸಚಿವಾಲಯಕ್ಕೂ, ಅಚ್ಚಿನವರಿಗೂ, ಕಳಿಸು ಎನ್ನುವಲ್ಲಿ ಒತ್ತಿದರೆ ಒದ್ದೆ ಬೆರಳಿಗೆ ಇದು ಜಪ್ಪಯ್ಯ ಅನ್ನುವುದಿಲ್ಲ, ಒರೆಸಿಕೊಂಡು ಒತ್ತಿದೆ, ಹೋಗಲಿಲ್ಲ, ಬಾಯಿಂದ ಊದಿ ಒಣಗಿಸಿ ಗಟ್ಟಿಯಾಗಿ ಒತ್ತಿದೆ. ಹೋಯಿತು. ತಲುಪಿತು ಎಂದೂ ಬಂತು. ಇನ್ನು ಅವನು ಈ ಮನೆಗೆ ಬರುವುದಿಲ್ಲ, ಬರದಿದ್ದರೆ — ಬೆರಳನ್ನು ಇನ್ನೂ ಎತ್ತಿಲ್ಲ ನಾನು, ಗಾಜಿನ ಮೇಲೆ ಹಾಗೇ ಇದೆ, ಮೊಂಡು, ಅಗಲ, ಉಗುರು ಗಿಡ್ಡ, ಅಪ್ಪನ ಕೈಯಿಂದ ನಮ್ಮಿಬ್ಬರಿಗೂ ಬಂದದ್ದು, ಗುಂಡಿಯ ಮೇಲೆ ಒತ್ತಿ ಹಿಡಿದ ಹೆಬ್ಬೆರಳು, ಅದೇ ಹೆಬ್ಬೆರಳು, ಹೆಬ್ಬೆರಳು