ಖಾಯಂ ವಿಳಾಸ

ಅರ್ಜಿಯಲ್ಲಿ ಲಿಂಗ ಅನ್ನುವ ಜಾಗದಲ್ಲಿ ಮೂರನೆಯ ಚೌಕವೊಂದನ್ನು ಇಟ್ಟವರು ತಾವು ದೊಡ್ಡ ಉಪಕಾರ ಮಾಡಿದ್ದೇವೆ ಅಂದುಕೊಂಡಿರುತ್ತಾರೆ. ನಿಹಾರಿಕಾ ಆ ಚೌಕಕ್ಕೆ ಟಿಕ್ ಹಾಕಿ ಕಳಿಸಿದ ಅರ್ಜಿಗಳಿಗೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ಒಂದೇ ಒಂದು ಕಂಪನಿ ಕರೆಯಿತು, ಅದೂ ಜೂನ್ ತಿಂಗಳಲ್ಲಿ, ಲೈಂಗಿಕ ಅಲ್ಪಸಂಖ್ಯಾತರ ತಿಂಗಳು ಅಂತ ಎಲ್ಲರೂ ಲೋಗೋಗೆ ಕಾಮನಬಿಲ್ಲು ಬಳಿದುಕೊಳ್ಳುವ ಸೀಸನ್ನಿನಲ್ಲಿ. ಹೂಗುಚ್ಛ ಕೊಟ್ಟರು, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡರು, ನಿಮ್ಮ ಧೈರ್ಯ ಮೆಚ್ಚಬೇಕು ಅಂತ ಹೊಗಳಿದರು. ಕೆಲಸ ಮಾತ್ರ ಕೊಡಲಿಲ್ಲ. ಆ ಫೋಟೊ ಈಗಲೂ ಅವರ ಪುಟದಲ್ಲಿದೆ.

ನಾನು ಸುಮಯ್ಯಾ, ದಾವಣಗೆರೆಯವಳು. ಎರ್ನಾಕುಲಂ ಹತ್ತಿರದ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಾನೂ ನಿಹಾರಿಕಾಳೂ ಅಲ್ಲೇ ಹತ್ತಿರದ ಫ್ಲಾಟೊಂದರಲ್ಲಿ ಬಾಡಿಗೆಗಿದ್ದೇವೆ. ಅವಳು ಮನೆಯಲ್ಲಿ ಕೂತು ಯಾರ್ಯಾರದೋ ಕೋಡ್ ತಿದ್ದಿಕೊಡುವ ಬಿಡಿ ಕೆಲಸ ಮಾಡುತ್ತಿದ್ದಳು. ನಾನು ಇಡೀ ದಿನ ತಲೆ ಕೆರೆದುಕೊಂಡ ದೋಷವನ್ನು ಅವಳು ಚಹಾ ಆರುವುದರೊಳಗೆ ಹಿಡಿದುಬಿಡುತ್ತಾಳೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ಜಾಣೆ. ಅವಳು ಹುಟ್ಟಿದಾಗ ಮನೆಯವರು ಇಟ್ಟಿದ್ದು ಗಂಡು ಹೆಸರು. ಈಗ ಆಧಾರ್, ಮಾರ್ಕ್ಸ್ ಕಾರ್ಡು, ಡಿಗ್ರಿ ಎಲ್ಲದರಲ್ಲೂ ನಿಹಾರಿಕಾ, ಎಲ್ಲದರಲ್ಲೂ ಹೆಣ್ಣು. ಅಷ್ಟಾಗಬೇಕಾದರೆ ಅವಳು ಅಲೆದ ಕಚೇರಿಗಳ ಕಥೆ ಹೇಳಲು ಹೊರಟರೆ ನನಗೆ ಸಿಟ್ಟು ಬಂದು ಮಾತು ದಾರಿ ತಪ್ಪುತ್ತದೆ.

ಆದ್ದರಿಂದ ಈ ಸಲ ಹೆಣ್ಣು ಅನ್ನುವ ಚೌಕಕ್ಕೇ ಟಿಕ್ ಹಾಕು ಅಂತ ನಾನೇ ಹೇಳಿದೆ. ಅದೇನು ಸುಳ್ಳಲ್ಲವಲ್ಲ. ಹಾಕಿದಳು. ವಾರದೊಳಗೆ ಕರೆ ಬಂತು, ಇಂಟರ್‌ವ್ಯೂ ಆಯಿತು, ಆಫರ್ ಬಂತು. ಅವತ್ತು ನಾವಿಬ್ಬರೂ ಅಡುಗೆಮನೆಯಲ್ಲಿ ಹುಚ್ಚರ ಹಾಗೆ ಕುಣಿದೆವು. ಕೆಳಗಿನ ಮನೆಯ, ನಾವು ಚೇಚಿ ಅನ್ನುವ ಮಲಯಾಳಿ ಅಕ್ಕ ಬಂದು ಬಾಗಿಲು ಬಡಿದಳು.

ಆಫರಿನ ಕೊನೆಯಲ್ಲಿ ಒಂದು ಷರತ್ತಿತ್ತು. ಕಂಪನಿಯ ಪರವಾಗಿ ಒಬ್ಬ ಏಜೆನ್ಸಿಯವನು ಖಾಯಂ ವಿಳಾಸಕ್ಕೆ ಹೋಗಿ, ಈ ವ್ಯಕ್ತಿ ಈ ಮನೆಯವರೇ ಹೌದೇ, ನಿಮಗೆ ಏನಾಗಬೇಕು ಅಂತ ಮನೆಯವರನ್ನು ಕೇಳಿ, ಸಹಿ ಹಾಕಿಸಿಕೊಂಡು ಬರುತ್ತಾನೆ. ಎಲ್ಲಾ ಕಂಪನಿಗಳಲ್ಲೂ ಇರುವ ಪದ್ಧತಿಯೇ. ನನ್ನ ಸರದಿ ಬಂದಾಗ ನಮ್ಮಮ್ಮ ಆ ಮನುಷ್ಯನಿಗೆ ಊಟ ಹಾಕಿ ಕಳಿಸಿದ್ದಳು. ನಿಹಾರಿಕಾಳ ಖಾಯಂ ವಿಳಾಸ ತಿರುವನಂತಪುರದ ಪಟ್ಟಂನಲ್ಲಿರುವ ಅವಳಪ್ಪನ ಫ್ಲಾಟು. ಅಪ್ಪ ಅವಳೊಡನೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಮ್ಮ ಮೂಕಾಂಬಿಕಾ ಮಾತ್ರ ಬಾಲ್ಕನಿಗೆ ಬಂದು ಕದ್ದುಮುಚ್ಚಿ ಫೋನ್ ಮಾಡುತ್ತಿದ್ದರು. ನಮಗಿರುವುದು ಒಬ್ಬ ಮಗ, ಅವನೂ ಎಲ್ಲಿದ್ದಾನೋ ಗೊತ್ತಿಲ್ಲ ಅಂತ ಅಪ್ಪ ಬಾಗಿಲಲ್ಲೇ ಹೇಳಿಬಿಟ್ಟರೆ ಎಲ್ಲಾ ಮುಗಿಯಿತು.

ಏಜೆನ್ಸಿಯವನು ಬರುವ ದಿನವೇ ಬೆಳಗಿನ ರೈಲು ಹಿಡಿದು ಹೋದೆವು. ಒಬ್ಬಳೇ ಹೋಗಲು ಅವಳಿಗೆ ಕಾಲು ಬರಲಿಲ್ಲ. ಅವಳಪ್ಪ ರಘುರಾಮರು ಕಾಸರಗೋಡಿನವರು, ಸರ್ಕಾರದ ಕಾನೂನು ಇಲಾಖೆಯಲ್ಲಿದ್ದಾರೆ. ಗಡಿನಾಡಿನ ಕನ್ನಡಿಗರಿಗಾಗಿ ಕಾಯ್ದೆಗಳನ್ನು ಕನ್ನಡಕ್ಕೆ ತರುವುದು ಅವರ ಕೆಲಸ. ನಿವೃತ್ತಿ ಹತ್ತಿರ ಬಂದಿದೆ. ಬಾಗಿಲು ತೆಗೆದವರು ಇಬ್ಬರಿಗೂ ಸೇರಿಸಿ "ಬನ್ನಿ" ಅಂದರು, ಕಚೇರಿಗೆ ಬಂದವರಿಗೆ ಹೇಳುವ ಹಾಗೆ. ಮೂಕಾಂಬಿಕಮ್ಮ ಬೇಯಿಸಿದ ನೇಂದ್ರಬಾಳೆ ತಂದಿಟ್ಟು, ಅಳು ಬಂದು ಒಳಗೆ ಹೋದರು.

ನಿಹಾರಿಕಾ ತಲೆ ತಗ್ಗಿಸಿ ವಿಷಯ ಹೇಳಿದಳು. ಒಬ್ಬರು ಬರುತ್ತಾರೆ, ನಿಹಾರಿಕಾ ನಿಮಗೆ ಏನಾಗಬೇಕು ಅಂತ ಕೇಳುತ್ತಾರೆ, ಮಗಳು ಅಂತ ಒಂದು ಮಾತು ಹೇಳಿದರೆ ಸಾಕು, ಆಮೇಲೆ ನಾನು ಈ ಕಡೆ ಬರುವುದಿಲ್ಲ ಅಂದಳು.

"ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ," ಅಂದರು ರಘುರಾಮರು.

ನಿಹಾರಿಕಾ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ನನಗೆ ಅವರ ಮುಖಕ್ಕೆ ಹೊಡೆದಂತೆ ಏನಾದರೂ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಬೆಲ್ ಆಯಿತು. ಕೈಯಲ್ಲಿ ಹೆಲ್ಮೆಟ್ ಹಿಡಿದ ನಡುವಯಸ್ಸಿನ ಮನುಷ್ಯ, ಒಳ್ಳೆಯವನ ಹಾಗಿದ್ದ. ಮಲಯಾಳದಲ್ಲಿ ಕೇಳಬೇಕಾದ್ದನ್ನು ಕೇಳಿದ. ರಘುರಾಮರು ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ನೆಟ್ಟಗೆ ನಿಂತು, ನನ್ನ ಮಗಳು ಅಂದರು. ಒಳಗೆ ಪಾತ್ರೆಯ ಸದ್ದು ನಿಂತಿತು. ನಿಹಾರಿಕಾ ನನ್ನ ಕೈ ಹಿಡಿದುಕೊಂಡಳು.

ಆ ಮನುಷ್ಯ ಸಹಿ ಹಾಕಿಸಿಕೊಂಡ. ಹೆಲ್ಮೆಟ್ ಎತ್ತಿಕೊಂಡು ಹೊರಟೂ ಬಿಟ್ಟಿದ್ದ. ಆಗ ರಘುರಾಮರು ಅವನನ್ನು ಕೂರಲು ಹೇಳಿ ಒಳಗಿನಿಂದ ಒಂದು ಫೈಲು ತಂದರು.

ಫೈಲಿನಲ್ಲಿ ಎಲ್ಲಾ ಇತ್ತು. ಹೆಸರು ಬದಲಾದ ಗೆಜೆಟ್ ಪ್ರಕಟಣೆ ಇತ್ತು. ಅದು ಬಂದ ವಾರವೇ ತಾವಾಗಿ ಹುಡುಕಿ ತಂದಿಟ್ಟಿದ್ದರಂತೆ, ಹೆಂಡತಿಗೂ ಹೇಳದೆ. ಈಕೆ ಹೆಣ್ಣು ಅಂತ ಕಲೆಕ್ಟರರು ಕೊಟ್ಟ ಪ್ರಮಾಣಪತ್ರದ, ಅವಳ ಅಮ್ಮನ ಫೋನಿನಿಂದ ತೆಗೆಸಿದ ಪ್ರತಿ ಇತ್ತು. ಕಾಯ್ದೆಯ ಪುಟಗಳಿದ್ದವು, ಬೇಕಾದ ಕಲಮುಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ಈಕೆ ಗಂಡಾಗಿ ಹುಟ್ಟಿದ್ದು ನಿಜ, ಆದರೆ ಕಾನೂನು ಪ್ರಕಾರ ಈಗ ಹೆಣ್ಣು, ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ, ಮಾಡಿದರೆ ನನಗೆ ಫೋನ್ ಮಾಡಲು ಹೇಳಿ ಅಂತ ಒಂದೊಂದೇ ಹಾಳೆ ತಿರುಗಿಸಿ ಅವನಿಗೆ ವಿವರಿಸಿದರು. ಅವನು ಪ್ರತಿ ಹಾಳೆಯ ಫೋಟೊ ತೆಗೆದುಕೊಂಡು, ಕೈ ಮುಗಿದು ಹೋದ.

ನಿಹಾರಿಕಾ ತಡೆಯಲು ಬಾಯಿ ತೆರೆದಿದ್ದನ್ನು ನಾನು ನೋಡಿದ್ದೆ. ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಆ ಮುಖದಲ್ಲಿ ಅಷ್ಟು ಹೆಮ್ಮೆ ಇತ್ತು. ಈ ಮನುಷ್ಯ ಜನ್ಮದಲ್ಲಿ ಯಾರನ್ನೂ ತಬ್ಬಿಕೊಂಡವರಲ್ಲ, ಪ್ರೀತಿ ಬಂದರೆ ದಾಖಲೆ ಹೊಂದಿಸಿಕೊಡುವವರು. ಊಟಕ್ಕೆ ಕೂತಾಗ ಅವಳ ತಟ್ಟೆಗೆ ತಾವೇ ಅನ್ನ ಬಡಿಸಿದರು.

"ಅದಕ್ಕೇ ಹೇಳಿದ್ದು, ಸುಳ್ಳು ಎಂತಕ್ಕೆ ಹೇಳ್ಬೇಕು? ಕಾನೂನು ನಿನ್ನ ಪರ ಉಂಟು. ಹೆದ್ರಿಕೊಂಡು ಬದುಕ್ಬೇಡ ಮಗಳೇ."

ನಾನು ಅನ್ನ ಕಲಸುತ್ತಲೇ ಇದ್ದೆ. ವಾಪಸು ಬರುವಾಗ ರೈಲಿನಲ್ಲಿ ಅವಳು ಕೊಲ್ಲಂ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, ಮಗಳೇ ಅಂದರು ಕಣೇ, ಕೇಳಿಸಿಕೊಂಡೆಯಾ ಅಂದಳು. ಕೇಳಿಸಿತು ಅಂದೆ.

ಎರಡು ದಿನ ಬಿಟ್ಟು ಮೇಲ್ ಬಂತು. ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆಯಂತೆ. ಆ ಕಂಪನಿಯ ಎಚ್ಆರ್‌ನಲ್ಲಿ ನನಗೆ ಪರಿಚಯದ ನಂದಿತಾ ಅನ್ನುವವಳಿದ್ದಳು. ಅವಳಿಗೆ ಫೋನ್ ಮಾಡಿದೆ. ದನಿ ತಗ್ಗಿಸಿ, ನಮಗೇನೂ ಅಭ್ಯಂತರ ಇರಲಿಲ್ಲ, ಆದರೆ ಮೊದಲೇ ಹೇಳಬಹುದಿತ್ತಲ್ಲ, ಮುಚ್ಚಿಟ್ಟ ಹಾಗಾಯಿತು, ಟೀಮಿಗೆ ನಂಬಿಕೆ ಬರುವುದಿಲ್ಲ ಅಂದಳು. ಹೇಳಿದವರನ್ನು ನೀವು ಕರೆಯುತ್ತೀರಾ ಅಂತ ಕೇಳಿದೆ. ಮೀಟಿಂಗ್ ಇದೆ ಅಂತ ಫೋನ್ ಇಟ್ಟಳು. ಹೇಳಿದರೆ ಬೇಡ, ಹೇಳದಿದ್ದರೆ ಮೋಸಗಾತಿ. ಇವರ ಬಾಯಿಗೆ ಮಣ್ಣು ಹಾಕ.

ಅವತ್ತು ಸಂಜೆಯೇ ರಘುರಾಮರ ಫೋನ್ ಬಂತು. ಅಷ್ಟು ವರ್ಷಗಳಲ್ಲಿ ಅವರಾಗಿ ಮಾಡಿದ ಮೊದಲ ಫೋನು. ಕೆಲಸಕ್ಕೆ ಸೇರುವುದು ಯಾವಾಗ ಅಂತ ಕೇಳಿದರು. ನಿಜ ಹೇಳು ಅಂತ ನಾನು ಸನ್ನೆ ಮಾಡಿದೆ. ಅವಳು ನನಗೆ ಬೆನ್ನು ತಿರುಗಿಸಿ, ಸೋಮವಾರ ಅಪ್ಪ ಅಂದಳು.

ಆಮೇಲೆ ದಿನವೂ ಸಂಜೆ ಫೋನ್. ಇವತ್ತು ಎಂತ ಕೆಲಸ, ಮೇಲಿನವರು ಹೇಗೆ, ಕ್ಯಾಂಟೀನಿನಲ್ಲಿ ಎಂತ ಉಂಟು ಅಂತೆಲ್ಲ ಕೇಳುತ್ತಿದ್ದರು. ನಾನು ಆಫೀಸಿನಿಂದ ಬಂದು ಹೇಳಿದ್ದನ್ನೆಲ್ಲ ಅವಳು ತನ್ನದು ಮಾಡಿಕೊಂಡು ಹೇಳುತ್ತಿದ್ದಳು. ನನ್ನ ಮ್ಯಾನೇಜರನ ಗೊಣಗಾಟ ಅವಳ ಮ್ಯಾನೇಜರನದಾಯಿತು. ಹಗಲೆಲ್ಲ ಅರ್ಜಿ ಹಾಕುತ್ತಿದ್ದಳು, ಎಲ್ಲಿಂದಲೂ ಸುದ್ದಿಯಿಲ್ಲ. ಅಪ್ಪನ ಜೊತೆ ಮಾತಾಡುವಾಗ ಮಾತ್ರ ಅವಳ ದನಿಯಲ್ಲಿ ಜೀವ ಇರುತ್ತಿತ್ತು. ಇದು ಎಲ್ಲಿಯವರೆಗೆ ಅಂತ ನಾನೊಮ್ಮೆ ರೇಗಿದೆ. ಕೆಲಸ ಸಿಗುವವರೆಗೆ ಅಂದಳು.

ಹೀಗಿರುವಾಗ ಅವರಿಗೆ ಎರ್ನಾಕುಲಂನ ಹೈಕೋರ್ಟಿನಲ್ಲಿ ಏನೋ ಸರ್ಕಾರಿ ಕೆಲಸ ಬಿತ್ತು. ಮಧ್ಯಾಹ್ನ ಕಾಕ್ಕನಾಡಿಗೆ ಬಂದು ನಿನ್ನ ಆಫೀಸನ್ನು ಹೊರಗಿನಿಂದಾದರೂ ನೋಡಿಕೊಂಡು ಹೋಗುತ್ತೇನೆ ಅಂದರು. ಬೇಡ ಅನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ನನ್ನ ಐಡಿ ಕಾರ್ಡು ಕೇಳಿದಳು. ನಾನು ಬೈದೆ, ಆಮೇಲೆ ಕೊಟ್ಟೆ. ಊಟದ ವಿರಾಮದಲ್ಲಿ ನಾವಿಬ್ಬರೂ ಪಾರ್ಕಿನ ಗೇಟಿನ ಹೊರಗೆ ನಿಂತೆವು. ಕಾರ್ಡು ಅವಳ ಕೊರಳಲ್ಲಿ, ಫೋಟೊ ಇದ್ದ ಬದಿ ಎದೆಗೆ ತಿರುಗಿತ್ತು.

ರಘುರಾಮರು ಆಟೊ ಇಳಿದು, ಗಾಜಿನ ಕಟ್ಟಡಗಳನ್ನು ಕತ್ತು ಎತ್ತಿ ಎತ್ತಿ ನೋಡಿದರು. ಯಾವ ಮಹಡಿ ಅಂತ ಕೇಳಿದರು. ಅವಳು ನನ್ನ ಮಹಡಿ ತೋರಿಸಿದಳು. ಹುದ್ದೆಯ ಹೆಸರು ಏನಂತ ಬರೆದಿದ್ದಾರೆ ನೋಡೋಣ ಅಂತ, ಕಾಗದ ಕಂಡರೆ ಓದದೆ ಬಿಡದ ಆ ಮನುಷ್ಯ, ಅವಳು ಹಿಂದೆ ಸರಿಯುವುದರೊಳಗೆ ಕಾರ್ಡನ್ನು ತಿರುಗಿಸಿದರು. ಅದರಲ್ಲಿ ತಲೆಗೆ ದುಪಟ್ಟಾ ಹೊದ್ದ ನನ್ನ ಮುಖವಿತ್ತು.

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕಾರ್ಡನ್ನು ಮತ್ತೆ ಮೊದಲಿನ ಹಾಗೆ ಮಗುಚಿ, ದಾರ ಸರಿಮಾಡಿದರು.

"ನಾನು ಆ ಫೈಲು ತೋರಿಸಿದ್ದಕ್ಕಾ?"

"ಅಲ್ಲ ಅಪ್ಪ. ಅವರಿಗೆ ಜನ ಬೇಕಿರಲಿಲ್ಲ."

ಜೀವಮಾನವಿಡೀ ಕಾನೂನಿನ ಮಾತುಗಳ ನಡುವೆ ಬದುಕಿದವರಿಗೆ ಇಷ್ಟು ತಿಳಿಯದಿರುತ್ತದೆಯೇ? ಅವರು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತರು. ಕಂಪನಿ ಕ್ಯಾಬುಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು. ಆ ಕಂಪನಿಯ ಮೇಲೆ ಕೇಸು ಹಾಕಬಹುದು ಅಂದರು. ಹಾಕಿದರೆ ಆಮೇಲೆ ಇಲ್ಲಿ ಯಾರೂ ಇವಳನ್ನು ಸೇರಿಸಿಕೊಳ್ಳುವುದಿಲ್ಲ ಅಂತ ತಾವೇ ಮೆಲ್ಲಗೆ ಹೇಳಿಕೊಂಡರು.

"ಇನ್ನೊಂದು ಸಲ ಯಾರಾದ್ರೂ ಮನೆಗೆ ಬಂದ್ರೆ ನಾನು ಎಂತ ಹೇಳ್ಬೇಕು? ನೀನು ಹೇಳಿದ ಹಾಗೇ ಹೇಳ್ತೇನೆ."

ನಿಹಾರಿಕಾ ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಅವರ ಮಂಡಿಯ ಮೇಲೆ ಕೈಯಿಟ್ಟಳು. ಅವರು ಆ ಕೈಯನ್ನು ದೂಡಲಿಲ್ಲ.

"ಇನ್ನು ಯಾರೂ ಬರುದಿಲ್ಲ ಅಪ್ಪ. ಅರ್ಜಿಯಲ್ಲಿ ಪಟ್ಟಂ ವಿಳಾಸ ತೆಗ್ದಿದ್ದೇನೆ. ಮನೆಯವರು ಯಾರೂ ಇಲ್ಲ ಅಂತ ಬರಿತಿದ್ದೇನೆ ಈಗ."



"ಅದೇ ಒಳ್ಳೇದು," ಅಂದರು. ಆಮೇಲೆ ಎದ್ದು, ರೈಲಿಗೆ ಹೊತ್ತಾಯಿತು ಅಂತ ನನಗೆ ಹೇಳಿ, ಸಿಕ್ಕಿದ ಆಟೊ ಹತ್ತಿದರು.